ತಟ್ಟೆ ತೊಳೆದವರು ಯಾರು

ಮನೆಗೆ ಕಳ್ಳ ನುಗ್ಗಿ ಹೋದ ಮೇಲೆ ನಾಲ್ಕು ದಿನ ಖುಷಿಯಲ್ಲಿ ತೇಲಾಡಿದ ಹೆಂಗಸು ಯಾರಾದರೂ ಇದ್ದರೆ ಅದು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಅಕ್ಕ ಒಬ್ಬಳೇ ಇರಬೇಕು. ಲಾಂಡ್ರಿಯವರೆಲ್ಲ ಅವಳನ್ನು ಕರೆಯುವುದು ಅಕ್ಕ ಎಂದೇ. ನಗುವವರು ನಗಲಿ, ಅವಳ ಒಡಹುಟ್ಟಿದ ತಂಗಿಯೇ ನಕ್ಕಿದ್ದಳು.

ಆರು ವರ್ಷದ ಹಿಂದೆ ಅವಳ ಒಬ್ಬನೇ ಮಗ, ಆಗಷ್ಟೇ ಹದಿನೆಂಟು ತುಂಬಿದವನು, ಹೇಳದೆ ಕೇಳದೆ ಕೆಲಸ ಬಿಟ್ಟು ಬಂದಿದ್ದ. "ಹೀಗೆ ಕೂತು ತಿನ್ನೋಕೆ ನಾಚಿಕೆ ಆಗಲ್ವಾ ನಿಂಗೆ?" ಅಂದಳು. ಎಲ್ಲ ತಾಯಂದಿರೂ ಅನ್ನುವ ಮಾತೇ. ಆದರೆ ಅವನು ಅರ್ಧ ಉಂಡವನು ಎದ್ದು ಹೋದ. ಫೋನಿಲ್ಲ, ಕಾಗದವಿಲ್ಲ. ಅಂದಿನಿಂದ ಅವಳು ಹಿತ್ತಲ ಬಾಗಿಲಿಗೆ ಚಿಲಕ ಹಾಕಿದವಳಲ್ಲ. ಕೆಲಸಕ್ಕೆ ಹೊರಡುವ ಮುಂಚೆ ಮೇಜಿನ ಮೇಲೆ ಒಂದು ತಟ್ಟೆ ಊಟ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ ಹೋಗುವಳು. ಸಂಜೆ ಬಂದು ಅದನ್ನೇ ಬಿಸಿಮಾಡಿಕೊಂಡು ತಾನು ಉಣ್ಣುವಳು. "ಊರಿಗೆಲ್ಲ ಬಾಗಿಲು ತೆಗೆದಿಟ್ಟಿದ್ದೀಯಲ್ಲೇ!" ಎಂದು ತಂಗಿ ಬಯ್ದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ಸಂಜೆ ಬಂದು ನೋಡುತ್ತಾಳೆ, ತಟ್ಟೆ ಖಾಲಿ. ತೊಳೆದು ಬೋರಲು ಹಾಕಿದೆ, ಮಗ ಹಾಕುತ್ತಿದ್ದ ಹಾಗೆಯೇ. ಗೂಟದಲ್ಲಿದ್ದ ಅವನ ಸ್ವೆಟರ್ ಇಲ್ಲ, ಅವನ ಪುಟ್ಟ ರೇಡಿಯೋ ಇಲ್ಲ. ಮಿಕ್ಕಂತೆ ಒಂದು ಚಮಚವೂ ಕದಲಿಲ್ಲ. ಅವನ ವಸ್ತು ಅವನು ಒಯ್ದ, ಇನ್ನೇನು! ನಾಲ್ಕು ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲಾಂಡ್ರಿಯವರಿಗೆಲ್ಲ ಬಿಸ್ಕತ್ತು ಹಂಚಿದಳು. ಐದನೆಯ ದಿನ ಪೊಲೀಸರು ಸ್ವೆಟರ್ ಹಿಡಿದುಕೊಂಡು ಬಂದರು. ರೇಡಿಯೋ ಮಾರಲು ಹೋಗಿ ಸಿಕ್ಕಿಬಿದ್ದ ಹದಿನಾರು ವರ್ಷದ ಹುಡುಗನೊಬ್ಬ ಈ ಮನೆ ತೋರಿಸಿದ್ದ.

ಚಿಕ್ಕ ವಯಸ್ಸಿನ ಹುಡುಗ, ಕಟಕಟೆ ಬೇಡ, ಎದುರುಬದುರು ಕೂತು ಮಾತಾಡಿ ಒಂದು ಒಪ್ಪಂದಕ್ಕೆ ಬನ್ನಿ ಎಂದು ಕೋರ್ಟಿನಿಂದ ಪತ್ರ ಬಂತು. ತಂಗಿ ಬೇಡವೆಂದಳು, ಅಕ್ಕ ಒಪ್ಪಿದಳು. ಹುಡುಗನನ್ನು ಉದ್ಧಾರ ಮಾಡುವ ದೊಡ್ಡ ಮನಸ್ಸೇನೂ ಅವಳಿಗಿರಲಿಲ್ಲ, ಸುಳ್ಳು ಯಾಕೆ ಹೇಳಬೇಕು. ಪೊಲೀಸರ ಕಾಗದದಲ್ಲಿ ಸ್ವೆಟರ್ ಇತ್ತು, ರೇಡಿಯೋ ಇತ್ತು, ಊಟದ ಸುದ್ದಿಯೇ ಇರಲಿಲ್ಲ. ಹಾಗಾದರೆ ಉಂಡವರು ಯಾರು? ಮಗ ಬಂದು ಉಂಡು ಹೋದ ಮೇಲೆ ಈ ಕಳ್ಳ ನುಗ್ಗಿರಬಾರದೇಕೆ? ಅವಳಿಗೆ ಬೇಕಿದ್ದದ್ದು ಅದೊಂದೇ ಉತ್ತರ.

ಮಾತುಕತೆಗೆ ಕರೆದ ಕೋಣೆಯಲ್ಲಿ ದುಂಡು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ನೀರಿನ ಜಗ್ಗು. ಅಳುವವರಿಗೆಂದು ಮೊದಲೇ ಇಟ್ಟ ಟಿಶ್ಯೂ ಡಬ್ಬಿ. ಮಾತು ನಡೆಸಿಕೊಡುವ ಮೇಡಂ ನಡುವೆ ಕೂತರು. ಎದುರಿಗೆ ಹುಡುಗ, ಅವನ ಪಕ್ಕ ಅವನ ತಾಯಿ, ಡಿಪೋದಲ್ಲಿ ಬಸ್ಸು ತೊಳೆಯುವವಳು. ಹುಡುಗನ ಮೀಸೆ ಇನ್ನೂ ಬರಲೋ ಬೇಡವೋ ಎನ್ನುತ್ತಿತ್ತು.

"ಬಾಗಿಲು ತೆಗೆದಿತ್ತು, ಒಳಗೆ ಹೋದೆ. ಚಳಿ ಅಂತ ಸ್ವೆಟರ್ ತಗೊಂಡೆ. ರೇಡಿಯೋ ತಗೊಂಡೆ. ತಪ್ಪಾಯ್ತು ಆಂಟಿ," ಎಂದು ಅವನು ಗಿಳಿಪಾಠ ಒಪ್ಪಿಸಿದ.

"ಮತ್ತೇನು ಮುಟ್ಟಿದೆ?" ಎಂದಳು ಅಕ್ಕ.

"ಏನಿಲ್ಲ."

"ಮೇಜಿನ ಮೇಲೆ ಊಟ ಇತ್ತಲ್ಲಪ್ಪ."

ಹುಡುಗ ಮೇಡಂ ಮುಖ ನೋಡಿದ, ತಾಯಿಯ ಮುಖ ನೋಡಿದ. "ನಾನು ನೋಡ್ಲಿಲ್ಲ."

ಅಕ್ಕನಿಗೆ ಎದ್ದು ಆ ಕಳ್ಳನನ್ನೇ ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ನೋಡಲಿಲ್ಲವಂತೆ! ಇವನು ಬರುವ ಹೊತ್ತಿಗೆ ಊಟ ಮುಗಿದು ತಟ್ಟೆ ತೊಳೆದಾಗಿತ್ತು.

"ಹಾಗಾದ್ರೆ ನನ್ನ ಮಗನೇ ಉಂಡಿರೋದು. ಆರು ವರ್ಷದಿಂದ ದಿನಾ ಬಡಿಸಿಡ್ತಿದ್ದೀನಿ ಮೇಡಂ. ಬಂದಿದ್ದಾನೆ ನೋಡಿ!" ಎಂದಳು. ನಗುತ್ತಲೇ ಹೇಳಿದಳು.

ಹುಡುಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನ ಕಿವಿ ಕೆಂಪಗಾಯಿತು.

"ಆಂಟಿ, ನಾನೇ ತಿಂದಿದ್ದು. ಅದನ್ನೂ ಕೇಸಿಗೆ ಸೇರಿಸ್ತಾರೆ ಅಂತ ಹೇಳಿರ್ಲಿಲ್ಲ. ಬಟಾಣಿ ಹಾಕಿದ ಅನ್ನ, ಒಂದು ಮೊಟ್ಟೆ. ತೊಳೆದಿಟ್ಟಿದ್ದೂ ನಾನೇ. ತಿಂದ ತಟ್ಟೆ ಹಾಗೇ ಬಿಟ್ರೆ ಅಮ್ಮ ಬಯ್ತಾಳೆ."

ಅಕ್ಕನ ಮಗ ಅವಳ ಕಣ್ಣೆದುರೇ ಇನ್ನೊಮ್ಮೆ ಮನೆ ಬಿಟ್ಟು ಹೋದಂತಾಯಿತು. ಮೇಡಂ ಟಿಶ್ಯೂ ಡಬ್ಬಿ ಮುಂದಕ್ಕೆ ಸರಿಸಿದರು. ಅವಳು ಮುಟ್ಟಲಿಲ್ಲ. ಹುಡುಗನನ್ನೇ ಕೇಳಿದಳು:

"ನಿಂತು ತಿಂದ್ಯಾ, ಕೂತು ತಿಂದ್ಯಾ?"

"ಕೂತು."

"ಒಳ್ಳೇದಾಯ್ತು. ಉಪ್ಪು ಸರಿಯಾಗಿತ್ತಾ?"

"ಸ್ವಲ್ಪ ಕಮ್ಮಿ ಇತ್ತು. ಆದ್ರೂ ಚೆನ್ನಾಗಿತ್ತು. ನಾನು ಏನಾದ್ರೂ ತಿಂದು ಎರಡು ದಿನ ಆಗಿತ್ತು."

ಅವನ ತಾಯಿಯ ಸಹನೆಯ ಕಟ್ಟೆಯೊಡೆಯಿತು. "ಎರಡು ದಿನಾನಾ? ಅಪ್ಪನ ಹತ್ರ ಜಗಳ ಆಡ್ಕೊಂಡು ಹನ್ನೊಂದು ದಿನ ಮನೆ ಕಡೆ ತಲೆ ಹಾಕ್ಲಿಲ್ಲ. ಒಲೆ ಪಕ್ಕ ದಿನಾ ನಿನ್ನ ಊಟ ಮುಚ್ಚಿಡ್ತಿದ್ದೆನಲ್ಲೋ ಪಾಪಿ! ಯಾರದೋ ಮನೇದು ತಿಂದ್ಯಲ್ಲೋ!" ಎಂದು ಅವನ ಬೆನ್ನಿಗೆ ಗುದ್ದಿ, ಅದೇ ಬೆನ್ನನ್ನು ಸವರಿದಳು.

ಅಕ್ಕ ಆ ಕೈಯನ್ನೇ ನೋಡುತ್ತಿದ್ದಳು. ಹೊಟ್ಟೆಕಿಚ್ಚಾಯಿತು. ಗುದ್ದಲಿಕ್ಕಾದರೂ ಒಂದು ಬೆನ್ನು ಸಿಕ್ಕಿದೆಯಲ್ಲ ಅವಳಿಗೆ.

ಮೇಡಂ ಒಪ್ಪಂದದ ಹಾಳೆ ತೆಗೆದರು. "ಹುಡುಗನಿಂದ ನಿಮಗೇನಾಗಬೇಕು ಹೇಳಿ. ಕೆಲವರು ಗೋಡೆಗೆ ಬಣ್ಣ ಹೊಡೆಸ್ಕೋತಾರೆ, ಕೆಲವರು ಅಂಗಳ ಗುಡಿಸಿಸ್ಕೋತಾರೆ."

ಅವಳಿಗೆ ಬೇಕಾದದ್ದು ಆ ಹುಡುಗನ ಕೈಯಲ್ಲಿರಲಿಲ್ಲ.

"ದಿನಾ ರಾತ್ರಿ ಅವರಮ್ಮನ ಎದುರು ಕೂತು ಊಟ ಮಾಡಬೇಕು. ಅಷ್ಟು ಬರೀರಿ," ಎಂದಳು.

ಮೇಡಂ ಪೆನ್ನು ನಿಂತಿತು. "ಎಷ್ಟು ದಿನ ಅಂತ ಬರೀಲಿ? ಆರು ತಿಂಗಳಿಗಿಂತ ಜಾಸ್ತಿ ಬರೆಯೋ ಹಾಗಿಲ್ಲ."

ಹುಡುಗನ ತಾಯಿ ಕಣ್ಣೊರೆಸಿಕೊಂಡು ಗಾಬರಿಯಿಂದ ತಲೆಯೆತ್ತಿದಳು. ಆರು ತಿಂಗಳು ಕಳೆದ ಮೇಲೆ ಏನು ಗತಿ ಎನ್ನುವುದು ಅವಳ ಮುಖದಲ್ಲೇ ಇತ್ತು.

"ಆರು ತಿಂಗಳೇ ಬರೀರಿ," ಎಂದಳು ಅಕ್ಕ. ಆಮೇಲೆ ಆ ತಾಯಿಯ ಕಡೆ ತಿರುಗಿ, "ಅಷ್ಟರಲ್ಲಿ ರೂಢಿ ಆಗಿಬಿಡುತ್ತೆ ಕಣಮ್ಮ. ಎಲ್ಲೂ ಹೋಗಲ್ಲ," ಎಂದು ಧೈರ್ಯ ಹೇಳಿದಳು. ಹದಿನೆಂಟು ವರ್ಷ ದಿನಾ ತನ್ನೆದುರು ಕೂತು ಉಂಡವನ ಮಾತನ್ನು ಅವಳು ಎತ್ತಲಿಲ್ಲ.