ತಂಗಿಯ ಕೆಂಪು ಗೀಟು

ಸೊಸೆ ಕಟ್ಟಿದ ಸರ್ವರ್‌ಗೆ ಮೊದಲ ಗಿರಾಕಿಗಳು ಮನೆಯವರೇ ಆದರು: ಅವಳ ಅತ್ತೆ, ಮತ್ತು ಬೇರೆ ಊರಿನಲ್ಲಿದ್ದ ಅತ್ತೆಯ ತಂಗಿ. ಎರಡು ಊರುಗಳಲ್ಲಿ ಕೂತ ಇಬ್ಬರು ಒಂದೇ ಪುಟವನ್ನು ಒಟ್ಟಿಗೆ ಬರೆಯಬಹುದು. ಇಲ್ಲಿ ಒತ್ತಿದ ಅಕ್ಷರ ಆ ಕ್ಷಣವೇ ಅಲ್ಲಿ ಮೂಡುತ್ತದೆ. ಇದಕ್ಕೆ ಬಳಸಿದ ವೆಬ್‌ಸಾಕೆಟ್ ಸಂಪರ್ಕ ಎಂದರೆ ಕಾಗದ ಹಾಕಿ ಉತ್ತರಕ್ಕೆ ಕಾಯುವ ಹಾಗಲ್ಲ, ಫೋನು ಇಡದೆ ಮಾತಾಡುತ್ತಲೇ ಇರುವ ಹಾಗೆ ಎಂದು ಸೊಸೆ ಅವರಿಗೆ ವಿವರಿಸಿದ್ದಳು. ಪರದೆಯ ಮೇಲೆ ಅತ್ತೆಗೆ ಹಸಿರು ಗೀಟು, ಚಿಕ್ಕತ್ತೆಗೆ ಕೆಂಪು ಗೀಟು. ಗೀಟು ಎಲ್ಲಿ ಮಿನುಗುತ್ತದೋ ಅದರ ಒಡತಿ ಅಲ್ಲಿದ್ದಾಳೆ ಎಂದರ್ಥ.

ಅಕ್ಕತಂಗಿಯರು ಬರೆಯತೊಡಗಿದ್ದು ತಮ್ಮ ತಾಯಿ ಹೇಳಿಕೊಟ್ಟ ಪ್ರಾರ್ಥನೆಗಳನ್ನು. ತಾಯಿ ಅವನ್ನು ಎಲ್ಲೂ ಬರೆದಿಟ್ಟಿರಲಿಲ್ಲ.

"ನೋಡೇ, ಅವಳ ಗೀಟು ನನ್ನ ಹಿಂದೆಹಿಂದೇನೇ ಬರುತ್ತೆ," ಎಂದು ಅತ್ತೆ ನಗುತ್ತಿದ್ದರು. "ಚಿಕ್ಕೋಳಿದ್ದಾಗ್ಲೂ ಹೀಗೇ, ನನ್ನ ಬಾಲ."

ಒಂದು ಸಾಲಿಗೆ ಮಾತ್ರ ತಕರಾರು. 'ಕತ್ತಲಾದರೆ ದಾರಿ ತೋರು' ಎಂದು ಅಕ್ಕ, 'ಕತ್ತಲಾದರೆ ಜೊತೆಗೆ ಬಾ' ಎಂದು ತಂಗಿ. ಕೊನೆಗೆ ಎರಡೂ ಇರಲಿ ಎಂದು ಒಂದರ ಕೆಳಗೊಂದು ಬರೆದರು. ಮಾರನೆಯ ದಿನ ನೋಡಿದರೆ ತಂಗಿಯ ಸಾಲು ಇಲ್ಲ. ತಂಗಿ ಮತ್ತೆ ಬರೆದರು. ಈ ಸಲ ಅಕ್ಕನ ಸಾಲು ಮಾಯ. ಅದರ ಜೊತೆ ಅಕ್ಕ ಬೆಳಗಿನಿಂದ ಬರೆದ ಅರ್ಧ ಪುಟವೂ ಮಾಯ.

"ಯಾಕೇ ಅಳಿಸ್ತೀಯ ನಂದನ್ನ?" ಎಂದು ಅತ್ತೆ ಫೋನಿನಲ್ಲಿ ಕೂಗಿದರು.

"ಅಳಿಸೋಳು ನೀನು! ಅಮ್ಮ ಏನು ನಿನ್ನೊಬ್ಬಳ ಸ್ವತ್ತಾ?"

"ದೊಡ್ಡೋಳು ಅನ್ನೋ ಮರ್ಯಾದೆ ಆದ್ರೂ ಇರಲಿ."

"ದೊಡ್ಡೋಳ ಹಾಗೆ ನಡ್ಕೋ, ಆಮೇಲೆ ಕೇಳು."

ಫೋನು ಇಟ್ಟವರು ಇಟ್ಟೇಬಿಟ್ಟರು.

ಯಾರೂ ಅಳಿಸಿರಲಿಲ್ಲ. ಆಫೀಸಿನಲ್ಲಿ ಸೊಸೆ ನೆಟ್‌ವರ್ಕ್ ತಂತಿಯನ್ನು ಬೇಕೆಂದೇ ಕಿತ್ತು, ಮತ್ತೆ ಸಿಕ್ಕಿಸಿ ನೋಡುತ್ತಿದ್ದಾಗ ಗುಟ್ಟು ಬಯಲಾಯಿತು. ಸಂಪರ್ಕ ಕಡಿದು ಮತ್ತೆ ಕೂಡಿದಾಗ, ಕೊನೆಗೆ ಬಂದು ಸೇರಿದವರ ಪ್ರತಿಯೇ ನಿಜವೆಂದು ಸರ್ವರ್ ನಂಬುತ್ತಿತ್ತು. ಇನ್ನೊಬ್ಬರು ಅಷ್ಟರಲ್ಲಿ ಬರೆದದ್ದನ್ನೆಲ್ಲ ಒರೆಸಿ ಹಾಕುತ್ತಿತ್ತು. ಸುಲಭವಾಗುತ್ತದೆಂದು ಆ ನಿಯಮವನ್ನು ಬರೆದವಳು ಅವಳೇ.

ಸದ್ದಿಲ್ಲದೆ ತಿದ್ದಿದಳು. ಇನ್ನು ಪ್ರತಿ ಅಕ್ಷರಕ್ಕೂ ತನ್ನ ಒಡತಿ ಯಾರು, ತನ್ನ ಜಾಗ ಯಾವುದು ಎಂಬುದು ಗೊತ್ತಿರುತ್ತದೆ. ತಡವಾಗಿ ಬಂದದ್ದೂ ತನ್ನ ಜಾಗದಲ್ಲಿ ಹೋಗಿ ಕೂರುತ್ತದೆ, ಯಾರನ್ನೂ ಎಬ್ಬಿಸುವುದಿಲ್ಲ. ಆದರೆ ಮನೆಯಲ್ಲಿ ಬಾಯಿ ಬಿಡಲಿಲ್ಲ. ಆ ವಾರ ಕೊಳ್ಳುವವರಿಗೆ ಸರ್ವರನ್ನು ತೋರಿಸಬೇಕಾಗಿತ್ತು. ಅಲ್ಲದೆ 'ನಮ್ಮ ಸೊಸೆ ಕಟ್ಟಿದ್ದು' ಎಂದು ಅತ್ತೆ ನೆರೆಹೊರೆಗೆಲ್ಲ ಹೇಳಿಕೊಂಡಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಬರುವುದರೊಳಗೆ ಚಿಕ್ಕತ್ತೆಯ ಹೃದಯ ನಿಂತುಹೋಯಿತು.

ಅತ್ತೆ ಹೋಗಿ ಬಂದರು. ಕಣ್ಣಲ್ಲಿ ಹನಿ ನೀರಿಲ್ಲ.

"ಕೊನೇವರೆಗೂ ಹಠ ಬಿಡ್ಲಿಲ್ಲ ನೋಡು," ಎಂದರು. ಸಂಜೆಯ ಪ್ರಾರ್ಥನೆಯನ್ನೂ ನಿಲ್ಲಿಸಿದರು. "ಆ ಸಾಲಿಗೆ ಬಂದ್ರೆ ಸಿಟ್ಟು ಉಕ್ಕುತ್ತೆ. ಸಿಟ್ಟು ಇಟ್ಕೊಂಡು ದೇವರ ಮುಂದೆ ಕೂರೋದು ಹೇಗೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ಸೊಸೆಯ ಪಾಡು. ಅತ್ತೆ ಕೆಮ್ಮಿದರೂ ತನ್ನನ್ನೇ ಏನೋ ಕೇಳುತ್ತಾರೆಂದು ಬೆಚ್ಚುತ್ತಿದ್ದಳು. ಊಟಕ್ಕೆ ಎದುರು ಕೂರುವುದನ್ನೂ ತಪ್ಪಿಸತೊಡಗಿದಳು.

ಒಂದು ಮಧ್ಯಾಹ್ನ ಚಿಕ್ಕತ್ತೆಯ ಮಗ ಫೋನು ಮಾಡಿದ. "ಅತ್ತಿಗೆ, ಅಮ್ಮನ ಟ್ಯಾಬ್ಲೆಟ್ ಚಾರ್ಜಿಗೆ ಹಾಕಿದೀನಿ. ನಿಮ್ಮ ಪುಟ ತೆರೀತಾ ಇದೆ. ದೊಡ್ಡಮ್ಮನಿಗೂ ಹೇಳಿ."

ಅತ್ತೆ ಕನ್ನಡಕ ಹಾಕಿಕೊಂಡು ಬಂದು ಕೂತರು. ಪುಟದಲ್ಲಿ ಕೆಂಪು ಗೀಟು ಮಿನುಗಿತು. ಅತ್ತೆ ಪರದೆಯ ಹತ್ತಿರಕ್ಕೆ ಬಾಗಿದರು. ನೆಟ್ ಇಲ್ಲದಾಗ ಚಿಕ್ಕತ್ತೆ ಬರೆದದ್ದು ಆ ಟ್ಯಾಬ್ಲೆಟ್‌ನಲ್ಲೇ ಕಾದು ಕೂತಿತ್ತು. ಈಗ ಒಟ್ಟಿಗೇ ಬಂದು ತನ್ನ ಜಾಗದಲ್ಲಿ ಕೂತಿತು.

'ಕತ್ತಲಾದರೆ ಜೊತೆಗೆ ಬಾ. ಅಕ್ಕ, ಅಮ್ಮ ಅಂದಿದ್ದು ಇದನ್ನೇ. ಬೇಡ ಅಂದ್ರೆ ಅಳಿಸು, ನಿನಗೇನು ಅದು ಹೊಸದಲ್ಲ. ನಾನಿನ್ನು ಬರೆಯಲ್ಲ.'

ಅತ್ತೆ ಎರಡು ಸಲ ಓದಿದರು. "ಹೀಗೆ ಅಂದ್ಕೊಂಡೇ ಹೋದ್ಲಾ?" ಎಂದರು, ಯಾರನ್ನೂ ನೋಡದೆ.

ಸೊಸೆ ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. "ನೀವಿಬ್ರೂ ಅಳಿಸ್ಲಿಲ್ಲ ಅತ್ತೆ. ಅಳಿಸಿದ್ದು ನನ್ನ ಸರ್ವರ್. ತಪ್ಪು ನಂದು."

"ಯಾವಾಗ ಗೊತ್ತಾಯ್ತು ನಿಂಗೆ?"

"ಚಿಕ್ಕತ್ತೆ ಇದ್ದಾಗ್ಲೇ."

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸೊಸೆಗೆ. ಅವರು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು: 'ನಾನು ಅಳಿಸಲಿಲ್ಲ ಕಣೇ.' ಅದರ ಪಕ್ಕದಲ್ಲಿ ಸಣ್ಣಗೆ 'ತಲುಪಿದೆ' ಎಂದು ಬಂತು.

"ತಲುಪ್ತಾ?"

ಆ ಪದವನ್ನು ಅಲ್ಲಿ ಇಟ್ಟವಳು ಸೊಸೆಯೇ. ಅದು ಎಲ್ಲಿಯವರೆಗಿನ ಮಾತು ಎಂಬುದೂ ಅವಳಿಗೇ ಗೊತ್ತು.

"ಟ್ಯಾಬ್ಲೆಟ್‌ಗೆ ತಲುಪಿದೆ. ಅಷ್ಟೇ ನಂಗೆ ಗೊತ್ತು, ಅತ್ತೆ."

"ಇಷ್ಟು ನಿಜ ಅವತ್ತೇ ಹೇಳಿದ್ರೆ ಸಾಕಿತ್ತು," ಎಂದು ಅತ್ತೆ ಕನ್ನಡಕ ತೆಗೆದು ಎದ್ದರು. "ಮುಂದಕ್ಕೆ ಮುಟ್ಟಿಸೋನಿಗೆ ನಾನೇ ಹೇಳ್ಕೋತೀನಿ."

ಒಳಕೋಣೆಯಲ್ಲಿ ಎಷ್ಟೋ ದಿನಗಳ ಮೇಲೆ ಪ್ರಾರ್ಥನೆ ಕೇಳಿಸಿತು. ಆ ಸಾಲು ಬಂತು. 'ಜೊತೆಗೆ ಬಾ' ಎಂದರು. ತಡೆದು, ಮತ್ತೊಮ್ಮೆ ಅದನ್ನೇ ಎಂದರು. ಹಿಂದೆಲ್ಲ ಕೂರುವ ಮುಂಚೆ 'ಬಾರೇ' ಎಂದು ಸೊಸೆಯನ್ನೂ ಕರೆಯುತ್ತಿದ್ದರು. ಇಂದು ಕರೆಯಲಿಲ್ಲ. ಅವಳು ಹೊಸ್ತಿಲ ಈಚೆಗೇ ಕೈಮುಗಿದು ನಿಂತಳು.