ಹೊಸ ನೀರು

ಆಸ್ಪತ್ರೆಯ ಉಪಕರಣ ತೊಳೆಯುವ ಕೋಣೆಯಲ್ಲಿ ಅತ್ತಿಗೆ, ನಾದಿನಿ ಇಬ್ಬರದೂ ಕೆಲಸ. ಹೇಗೆ ಹೊಂದಿಕೊಂಡಿದ್ದೀರಿ ಎಂದು ಯಾರಾದರೂ ಕೇಳಿದರೆ ಅತ್ತಿಗೆ, "ಯಂತ್ರದ ಸದ್ದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಲ್ಲ, ಅದಕ್ಕೇ" ಎನ್ನುತ್ತಿದ್ದಳು. ಇವತ್ತು ಇಬ್ಬರ ಕಿವಿಯೂ ಫೋನಿನ ಕಡೆಗೇ ಇತ್ತು. ಮೇಲಿನ ಮಹಡಿಯಲ್ಲಿ ಒಬ್ಬಳ ಗಂಡ, ಇನ್ನೊಬ್ಬಳ ಅಣ್ಣ, ಕಬ್ಬಿಣದ ಗೇಟಿಗೆ ಸಿಕ್ಕಿ ಜಜ್ಜಿಹೋದ ಬೆರಳುಗಳನ್ನು ಹಿಡಿದು ಮಲಗಿದ್ದ. ಬೆರಳಿನ ಮೂಳೆಗೆ ಬೇಕಾದ ಸಣ್ಣ ಡ್ರಿಲ್ಲುಗಳ ಸೆಟ್ಟು ಇದ್ದದ್ದು ಒಂದೇ. ಬೆಳಿಗ್ಗೆ ಬೇರೆ ಯಾರಿಗೋ ಬಳಸಿ ಕೆಳಗೆ ಬಂದಿತ್ತು.

ಬ್ರಷ್ಷು ತೂರದ ಅದರ ಸಂದುಗಳನ್ನು ತೊಳೆಯುವುದು ಅಲ್ಟ್ರಾಸೋನಿಕ್ ತೊಟ್ಟಿ. ಕಿವಿಗೆ ನಿಲುಕದ ಶಬ್ದವೊಂದು ನೀರಿನಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳನ್ನೆಬ್ಬಿಸಿ ಒಡೆಯುತ್ತದೆ. ಆ ಏಟಿಗೆ ಕೊಳೆ ಕಿತ್ತುಬರುತ್ತದೆ. ಏಟಿನ ಜೋರೆಷ್ಟೆಂದು ನೋಡಲು ಅತ್ತಿಗೆ ಅಳತೆಕಡ್ಡಿಯನ್ನು ನೀರಿಗಿಳಿಸಿದಳು. ಮೀಟರಿನ ಮುಳ್ಳು ಒಮ್ಮೆ ನಡುಗಿ ಕೆಂಪು ಗೆರೆಯ ಕೆಳಗೇ ನಿಂತಿತು. ಮೂಲೆಯಲ್ಲಿ ಇಳಿಸಿದಳು, ನಡುವೆ ಇಳಿಸಿದಳು. ಎಲ್ಲೆಡೆಯೂ ಅದೇ ಸೋಮಾರಿತನ.

"ಬೆಳಿಗ್ಗೆ ಚೆನ್ನಾಗಿತ್ತಲ್ಲೇ. ಏನಾದ್ರೂ ಮುಟ್ಟಿದ್ಯಾ?"

"ನಾನೇನ್ ಮುಟ್ಟಲಿ? ನೀರು ಬದಲಾಯಿಸ್ದೆ ಅಷ್ಟೆ. ಅಣ್ಣಂಗಲ್ವಾ ಅಂತ."

ಸೋಪನ್ನೂ ತೊಳೆದು ಬಳಸುವ ಜೀವ ನಾದಿನಿಯದು. ತೊಟ್ಟಿಯನ್ನು ಬರಿಯ ನೀರಲ್ಲೇ ಓಡಿಸಿ, ಗಾಳಿ ಬಿಡಿಸಿ ಅತ್ತಿಗೆ ಹದಮಾಡಿಟ್ಟಿದ್ದ ನೀರನ್ನು ಚೆಲ್ಲಿ ನಲ್ಲಿಯಿಂದ ತುಂಬಿದ್ದಳು. ನಲ್ಲಿನೀರಿನಲ್ಲಿ ಅಡಗಿರುವ ಗಾಳಿ ಗುಳ್ಳೆಯ ಏಟಿಗೆ ಮೆತ್ತೆ ಹಾಸುತ್ತದೆ. ಇದು ಅವಳಿಗೂ ಗೊತ್ತಿದ್ದ ಪಾಠವೇ. ಅಣ್ಣನ ಹೆಸರು ಕೇಳಿದೊಡನೆ ಮರೆತಿತ್ತು.

ಫೋನು ಹೊಡೆದುಕೊಂಡಿತು. ಆಪರೇಷನ್ ಥಿಯೇಟರಿನ ನರ್ಸು: "ಸೆಟ್ಟು ಆವಿ ಪೆಟ್ಟಿಗೆಗಾದ್ರೂ ಹೋಯ್ತಾ? ತಡ ಆದಷ್ಟೂ ಬೆರಳು ಉಳಿಯೋದು ಕಷ್ಟ ಅಂತಿದ್ದಾರೆ ಡಾಕ್ಟ್ರು."

ನಾದಿನಿ ಪಿಸುಗುಟ್ಟಿದಳು. "ಇದೇ ನೀರಿಗೆ ಹಾಕಿಬಿಡಿ ಅತ್ತಿಗೆ. ಹೇಗೂ ಆಮೇಲೆ ಆವೀಲಿ ಬೇಯತ್ತಲ್ಲ, ಕ್ರಿಮಿ ಸಾಯತ್ತೆ."

"ಬೆಂದ ಕೊಳೆ ಕೊಳೆ ಅಲ್ವೇನೇ? ನಿಮ್ಮಣ್ಣನ ಮೂಳೆ ಒಳಗೆ ಹೋಗತ್ತೆ ಅದು."

"ಬೆರಳೇ ಹೋದ್ರೆ?"

ಅತ್ತಿಗೆ ಮೀಟರಿನ ಮುಳ್ಳನ್ನು ನೋಡಿದಳು. ಫೋನಿಗೆ, "ಇನ್ನೂ ತೊಳೆದಿಲ್ಲ. ನೀರು ಹದಕ್ಕೆ ಬರಲಿ" ಎಂದಳು.

"ಮಲಗಿರೋದು ಯಾರು ಅಂತ ಗೊತ್ತಲ್ವಾ ನಿಮಗೆ?"

"ಗೊತ್ತು. ದಿನಾ ಜಗಳ ಆಡೋದು ನಾನೇ."

ಡ್ರಿಲ್ಲುಗಳಿದ್ದ ಬುಟ್ಟಿಯನ್ನು ಪಕ್ಕಕ್ಕೆ ಎತ್ತಿಟ್ಟು ಬರಿಯ ನೀರನ್ನೇ ಓಡಿಸಿದಳು. ತೊಟ್ಟಿಯ ಗೋಡೆಯಿಂದ ಗಾಳಿ ಬಿಳಿ ಚುಕ್ಕೆಗಳಾಗಿ, ಮದುವೆಗೆ ಹೊರಟ ನೆಂಟರಂತೆ, ಯಾವ ಅವಸರವೂ ಇಲ್ಲದೆ ಮೇಲೇರಿತು. ಮುಳ್ಳು ಗೆರೆ ಮುಟ್ಟಿತು.

"ಬಂತು ಅತ್ತಿಗೆ."

"ಬಂದರೆ ಸಾಲದು, ನಿಲ್ಲಬೇಕು."

ಮುಳ್ಳು ಕುಸಿಯಿತು. ಫೋನು ಮತ್ತೆ ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಮುಳ್ಳು ಏರಿತು, ದಾಟಿತು, ಅಲ್ಲೇ ನಿಂತಿತು. ಆಮೇಲೆ ಬುಟ್ಟಿ ನೀರಿಗಿಳಿಯಿತು.

ಸಂಜೆ ಡಾಕ್ಟರು ಹೊರಬಂದು, ಕಿರುಬೆರಳು ಉಳಿಯಲಿಲ್ಲ, ಮಿಕ್ಕವು ಉಳಿದವು ಎಂದರು. ಬೇಗ ಆಗಿದ್ದರೆ ಉಳಿಯುತ್ತಿತ್ತೋ ಏನೋ, ಹೇಳಲಾರೆ ಎಂದೂ ಸೇರಿಸಿದರು.

"ಸೆಟ್ಟು ತಡ ಮಾಡಿದ್ದು ನಾನು," ಎಂದಳು ಅತ್ತಿಗೆ, ಗಂಡನ ಹಾಸಿಗೆಯ ಪಕ್ಕದಲ್ಲಿ.

"ನೀರು ಬದಲಾಯಿಸಿದ್ದು ನಾನು," ಎಂದಳು ನಾದಿನಿ.

ಅವನು ಬಟ್ಟೆ ಸುತ್ತಿದ ಕೈಯನ್ನು ಎತ್ತಿ ನೋಡಿದ. "ಕೀವು ತುಂಬಿ ಕೈಯೇ ಹೋಗೋದಕ್ಕಿಂತ ಇದು ವಾಸಿ, ಅಲ್ವಾ?"