ಐದನೆಯ ಉದ್ಯಮ

ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ವ್ಯಾಪಾರದ ಮೇಷ್ಟ್ರು ಎಂದು. ಜೀವಮಾನದಲ್ಲಿ ಅವರು ಮಾರಿದ್ದು ಒಂದೇ ಒಂದು ಸೈಕಲ್ಲು. ಕೊಂಡವನು ಮೂರನೆಯ ದಿನ ಅದನ್ನು ತಂದು ಬಾಗಿಲಲ್ಲಿ ಒರಗಿಸಿ ಹೋಗಿದ್ದ. ಅಂಥವರು ನಾಲ್ಕು ವರ್ಷದಿಂದ 'ಇಸ್ಲಾಮಿ ಮೌಲ್ಯಗಳು ಮತ್ತು ಉದ್ಯಮಶೀಲತೆ' ಎಂಬ ಕೋರ್ಸು ನಡೆಸುತ್ತಿದ್ದರು. "ಈಜು ಬರದವನು ದಡದಲ್ಲಿ ನಿಂತು ಈಜು ಕಲಿಸಿದ ಹಾಗೆ" ಎಂದು ಅವರೇ ಹೇಳಿಕೊಂಡು ನಗುವರು. ಬೇರೆಯವರು ಹೇಳುವ ಮೊದಲು ತಾವೇ ಹೇಳಿಬಿಟ್ಟರೆ ಮಾನ ಸ್ವಲ್ಪ ಉಳಿಯುತ್ತದಲ್ಲ.

ಪಾಠ ಮಾತ್ರ ಚೆನ್ನಾಗಿತ್ತು. "ಮಾಲಿನಲ್ಲಿ ಐಬಿದ್ರೆ ಕೊಳ್ಳೋರಿಗೆ ಮೊದಲೇ ಹೇಳಿ. ಮುಚ್ಚಿಟ್ಟು ಮಾರಿದ್ರಲ್ಲಿ ಬರಕತ್ ಇರಲ್ಲ, ಆ ದುಡ್ಡು ಏಳಿಗೆ ಆಗಲ್ಲ" ಎಂದು ಪ್ರವಾದಿಗಳ ಬೋಧನೆಯನ್ನು ವಿವರಿಸುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ಆ ಕೋರ್ಸೆಂದರೆ ಮೇಷ್ಟ್ರಿಗೆ ಪ್ರಾಣ. ಬದುಕಿನಲ್ಲಿ ಸ್ವಂತವಾಗಿ ಕಟ್ಟಿದ್ದು ಅದೊಂದೇ.

ಈ ವರ್ಷ ಸರ್ಕಾರ ಹೊಸ ನೀತಿ ತಂದಿತು. ಇಂಥ ಪ್ರತಿ ಕೋರ್ಸಿನಿಂದ ಐದು ಉದ್ಯಮಗಳಾದರೂ ಹುಟ್ಟಿರಬೇಕು, ಇಲ್ಲದಿದ್ದರೆ ಕೋರ್ಸು ಬಂದ್. ಮೇಷ್ಟ್ರು ಹಳೆಯ ವಿದ್ಯಾರ್ಥಿಗಳ ಲೆಕ್ಕ ಹಾಕಿದರು. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿ, ಪಂಪು ರಿಪೇರಿ, ಸಾಬೂನು, ಮಕ್ಕಳ ಚಪ್ಪಲಿ. ಅಲ್ಲಿಗೆ ನಾಲ್ಕಾಯಿತು. ಎಷ್ಟು ತಲೆ ಕೆರೆದುಕೊಂಡರೂ ಐದನೆಯದು ಸಿಗಲಿಲ್ಲ.

ಕೊನೆಗೆ ಸರ್ಕಾರಕ್ಕೆ ಕಳಿಸುವ ಪಟ್ಟಿಯ ಐದನೆಯ ಸಾಲಿನಲ್ಲಿ ಹೆಂಡತಿಯ ಹೊಲಿಗೆ ಅಂಗಡಿಯನ್ನು ಬರೆದರು. ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ನಡೆಯುತ್ತಿದ್ದ ಅಂಗಡಿ ಅದು. ಒಂದೇ ಮನೆಯ ಗಾಳಿ ಕುಡಿದ ಉದ್ಯಮವಲ್ಲವೇ ಎಂದು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು. ಹೆಂಡತಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಗಾದೆ ಹುಟ್ಟಿದ್ದೇ ಇಂಥ ಮೇಷ್ಟ್ರುಗಳಿಗಾಗಿ ಇರಬೇಕು.

ತಪಾಸಣೆಗೆ ಬಂದ ಅಧಿಕಾರಿಣಿ ಪಟ್ಟಿ ನೋಡಿ, "ಈ ಹೊಲಿಗೆ ಅಂಗಡಿ ಇಲ್ಲೇ ಹತ್ರ ಇದೆಯಲ್ಲ, ಅದನ್ನೇ ನೋಡೋಣ" ಎಂದರು. ಮೇಷ್ಟ್ರು ತಮ್ಮ ಮನೆಗೆ ತಾವೇ ದಾರಿ ತೋರಿಸಿದರು.

ಹೆಂಡತಿ ಕೊರಳಿಗೆ ಟೇಪು ಹಾಕಿಕೊಂಡು ಗಿರಾಕಿಯೊಬ್ಬಳಿಗೆ ಕೋಟು ತೋರಿಸುತ್ತಿದ್ದರು. "ತಗೊಳ್ಳೋ ಮುಂಚೆ ನೋಡ್ಬಿಡಿ. ಬಟ್ಟೆ ಸಾಲ್ದೆ ಎಡಗೈ ತೋಳು ಕಾಲಿಂಚು ಗಿಡ್ಡ ಬಂದಿದೆ. ಬೇಡ ಅಂದ್ರೆ ಬೇಡ, ಬೇಜಾರಿಲ್ಲ."

ಗಿರಾಕಿ ತೊಟ್ಟು ನೋಡಿ, ಕೈ ಮಡಚಿ ಬಿಡಿಸಿ, ಪರವಾಗಿಲ್ಲವೆಂದು ಕೊಂಡು ಹೋದಳು. ಅಧಿಕಾರಿಣಿಗೆ ಖುಷಿಯೋ ಖುಷಿ.

"ಐಬು ಹೇಳಿ ಮಾರೋದನ್ನ ಇವರ ಕೋರ್ಸಲ್ಲೇ ಕಲಿತ್ರಾ?"

"ಯಾವ ಕೋರ್ಸು?" ಎನ್ನುತ್ತ ಹೆಂಡತಿ ಗಂಡನ ಮುಖ ನೋಡಿದರು. ಬಿಳಿಚಿಕೊಂಡ ಆ ಮುಖ ನೋಡಿದ ಮೇಲೆ ಬೇರೆ ವಿವರ ಬೇಕಾಗಲಿಲ್ಲ. ಒಂದು ಹೊಲಿಗೆ ಸೊಟ್ಟ ಹೋದರೂ ಮುಚ್ಚಿಡದ ಹೆಂಗಸು ತಲೆ ತಗ್ಗಿಸಿ, "ಹೂಂ ಮೇಡಂ, ಇವರ ಹತ್ರಾನೇ..." ಎಂದು ಶುರುಮಾಡಿದರು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ತಾವು ಸುಳ್ಳು ಬರೆದಾಗ ಇಷ್ಟು ನಾಚಿಕೆ ಆಗಿರಲಿಲ್ಲ.

"ಬೇಡ, ಹೇಳ್ಬೇಡ" ಎಂದರು. "ಮೇಡಂ, ಇವಳು ನನ್ನ ಹೆಂಡತಿ. ಈ ಅಂಗಡಿ ನನ್ನ ಕೋರ್ಸಿಗಿಂತ ಏಳು ವರ್ಷ ದೊಡ್ಡದು. ಇವಳು ನನ್ನ ಹತ್ರ ಏನೂ ಕಲೀಲಿಲ್ಲ. ಇವಳು ಮಾಡೋದನ್ನೇ ನಾನು ಅಲ್ಲಿ ಹೋಗಿ ಪಾಠ ಅಂತ ಹೇಳ್ತಿದ್ದೆ."

ಅಧಿಕಾರಿಣಿ ಪಟ್ಟಿ ಬಿಡಿಸಿ ಪೆನ್ನು ತೆಗೆದರು. "ನೀವು ಹೇಳಿದ್ದು ಒಳ್ಳೇದಾಯ್ತು ಮೇಷ್ಟ್ರೇ. ಆದ್ರೆ ನಾಲ್ಕನ್ನ ಐದು ಅಂತ ಬರೆಯೋಕೆ ನನಗೂ ಆಗಲ್ಲ" ಎಂದು ಐದನೆಯ ಸಾಲನ್ನು ಹೊಡೆದುಹಾಕಿ ಹೊರಟರು. ಕೋರ್ಸು ಅಲ್ಲಿಗೆ ಮುಗಿಯಿತು.

ಮೇಷ್ಟ್ರು ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕುಸಿದರು.

"ನಾನೊಂದು ಹೂಂ ಅಂದಿದ್ರೆ ಉಳೀತಿತ್ತಲ್ರೀ" ಎಂದರು ಹೆಂಡತಿ.

"ನೀನು ಹೂಂ ಅಂದ್ಮೇಲೆ ನಾನು ಯಾವ ಮುಖ ಇಟ್ಕೊಂಡು ಪಾಠ ಮಾಡ್ಲಿ?"

"ಈಗ ಪಾಠಾನೇ ಇಲ್ವಲ್ಲ!"

ಇಬ್ಬರಿಗೂ ನಗು ಉಕ್ಕಿತು. ಮೇಷ್ಟ್ರ ನಗು ಅರ್ಧ ದಾರಿಯಲ್ಲೇ ಅಳುವಾಯಿತು. ಹೆಂಡತಿ ಕೊರಳಿನ ಟೇಪು ತೆಗೆದಿಟ್ಟು ಬಂದು, ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು.